ದುಭಾಷಿ

ಕಿಸಿ ಪಟ್ಟಣದ ಸಭಾಭವನದಲ್ಲಿ ನನಗೊಂದು ಕುರ್ಚಿ,
ಅತ್ತಲೂ ಸೇರದೆ ಇತ್ತಲೂ ಸೇರದೆ.
ನೈರೋಬಿಯಿಂದ ಬಂದ ಮೂವರಿಗೆ ಇಂಗ್ಲಿಷು,
ಬೆಂಚುಗಳ ಮೇಲಿನ ಮುನ್ನೂರು ಮಂದಿಗೆ ಎಕೆಗುಸಿ.
ದಿನಕ್ಕೆ ಇಷ್ಟು ಶಿಲಿಂಗು, ಮಧ್ಯಾಹ್ನ ಚಪಾತಿ.
ಸ್ವಂತದ್ದೇನೂ ಸೇರಿಸುವುದಿಲ್ಲವೆಂದು
ಮೊದಲೇ ಸಹಿ ಹಾಕಿಸಿಕೊಂಡಿದ್ದಾರೆ.

ಪೊಲೀಸರ ವರದಿ ಒಂದೂವರೆ ಪುಟ.
ರಾತ್ರಿ ಒಂಬತ್ತು ಹತ್ತು. ಬಾಳೆಕಾಯಿ ಮಾರುಕಟ್ಟೆಯ ಹಿಂದುಗಡೆ.
ಯುವಕ ಓಡಿದ. ನಿಲ್ಲುವಂತೆ ಸೂಚಿಸಲಾಯಿತು.
ಗುಂಡು ಹಾರಿತು.
ಇದ್ದದ್ದನ್ನು ಇದ್ದ ಹಾಗೇ ಹೇಳಿದೆ:
ಹಾರಿತು.

ಎರಡನೇ ಬೆಂಚಿನಿಂದ ಬೋಸಿಬೋರಿ ಎದ್ದಳು.
ತಬಾಕಾದ ಬಳಪದ ಕಲ್ಲು
ನೀರಿನಲ್ಲಿ ಉಜ್ಜಿ ಉಜ್ಜಿ
ಉಗುರಿನ ಸಂದಿಯೆಲ್ಲ ಬಿಳಿ ಬಿಳಿ.
"ಗುಂಡೇನು ಗುಬ್ಬಚ್ಚಿಯೇ,
ತಾನಾಗಿ ಹಾರಲಿಕ್ಕೆ?"
ಹಿಂದೆ ಯಾರೋ ನಕ್ಕರು.
ಅವಳು ತಿರುಗಿ ನೋಡಿದ ಮೇಲೆ ಯಾರೂ ನಗಲಿಲ್ಲ.

ನಾಲ್ಕನೇ ತರಗತಿಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಬರೆದಿದ್ದರು:
ಹಾಲು ಕುದಿಯಿತು. ಅಮ್ಮ ಹಾಲು ಕುದಿಸಿದಳು.
ನಡುವೆ ಎಳ್ಳಿನಷ್ಟು ಒಂದು ಪ್ರತ್ಯಯ.
ಅದು ಬಂದರೆ ಯಾರಾದರೂ ಒಲೆಯ ಮುಂದೆ ಇರಲೇಬೇಕು.

ಮೊಳೆ, ಬೀಗ ಮಾರುವ ಮಾಕೋರಿಯ ಸರದಿ:
"ಕಳ್ಳರು ನನ್ನಂಗಡಿ ಮೂರು ಸಲ ಒಡೆದರು,
ತಗಡು ಹೊತ್ತರು, ಕಾವಲಿನವನ ಕೈ ಮುರಿದರು.
ಪೊಲೀಸರ ಕೈ ನೀವು ಕಟ್ಟಿ,
ನಾನು ಯಾರ ಬಾಗಿಲು ಬಡಿಯಲಿ?"
ಅವನ ಮಾತಿನಲ್ಲಿ ಪ್ರತಿ ಕ್ರಿಯೆಗೂ ಕರ್ತೃವಿದ್ದ.
ತರ್ಜುಮೆ ಸುಲಭವಾಯಿತು.

ಪೇದೆಯೊಬ್ಬನ ತಂಗಿ ಎದ್ದಳು, ಹೆಸರು ಹೇಳಲಿಲ್ಲ.
"ನನ್ನಣ್ಣನನ್ನು ಕಡಿದು ಕಬ್ಬಿನ ಹೊಲದಲ್ಲಿ ಬಿಟ್ಟರು.
ಅವನೂ ಯಾರದೋ ಮಗ.
ಅವತ್ತು ಯಾವ ಭವನದಲ್ಲಿ ಕುರ್ಚಿ ಹಾಕಿದಿರಿ?"
ಬೋಸಿಬೋರಿಯ ದನಿ ಒಡೆದ ಜಾಗದಲ್ಲೇ
ಇವಳ ದನಿಯೂ ಒಡೆಯಿತು.
ಅದಕ್ಕೆ ನನ್ನ ಎರಡು ಭಾಷೆಯಲ್ಲೂ ಏನೂ ಇರಲಿಲ್ಲ.
ಸುಮ್ಮನೆ ನೀರು ಕುಡಿದೆ.

ಪಾಸ್ಟರರು ಕ್ಷಮೆಯ ಬಗ್ಗೆ ತುಂಬ ಹೊತ್ತು ಮಾತಾಡಿದರು.
ಮೋಟಾರ್‌ಸೈಕಲ್ ಬಾಡಿಗೆಗೆ ಓಡಿಸುವ ಹುಡುಗನೊಬ್ಬ
ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡೇ ಕೇಳಿದ:
"ಕ್ಷಮಿಸೋಣ ಪಾಸ್ಟರ್. ಯಾರನ್ನು ಅಂತ ಹೇಳಿ.
ಹೆಸರಿಲ್ಲದವನನ್ನು ಕ್ಷಮಿಸೋದು ಹೇಗೆ?"

ಹೆಸರು ತನಿಖೆಯಲ್ಲಿದೆ, ಎಂದರು ಅಧಿಕಾರಿ.
ರಿಜಿಸ್ಟರು ಮಾತ್ರ ಓದಬಹುದು, ಓದಿದರು:
ಅಂದು ಸಂಜೆ ಕೊಟ್ಟ ಗುಂಡುಗಳು ಮೂವತ್ತು,
ಬೆಳಿಗ್ಗೆ ಮರಳಿದ್ದು ಇಪ್ಪತ್ತೊಂಬತ್ತು,
ಬಳಕೆ ಒಂದು. ಲೆಕ್ಕ ಸರಿಯಾಗಿದೆ.

ಲೆಕ್ಕ ಸರಿಯಾಗಿದೆ,
ನನ್ನ ತಾಯಿಯ ಮಾತಿನಲ್ಲಿ, ನನ್ನದೇ ಬಾಯಿಂದ,
ಮೈಕಿನಲ್ಲಿ, ಎಲ್ಲರಿಗೂ ಕೇಳುವಂತೆ.
ಜೋಯಲ್ ಓಂಚಾರಿ. ಇಪ್ಪತ್ತು ವರ್ಷ.
ಕಲ್ಲಿನಲ್ಲಿ ನೀರುಕುದುರೆ ಕೆತ್ತುತ್ತಿದ್ದ,
ಕಿವಿ ಮಾತ್ರ ಯಾವಾಗಲೂ ದೊಡ್ಡದಾಗುತ್ತಿತ್ತಂತೆ.
ಆ ಪುಸ್ತಕದಲ್ಲಿ ಅವನು
'ಬಳಕೆ ಒಂದು'.

ಐದು ಗಂಟೆಗೆ ಸಭೆ ಮುಂದಕ್ಕೆ ಹೋಯಿತು.
(ನೋಡಿ, ಇದೂ ತಾನಾಗಿಯೇ ಹೋಯಿತು.)
ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವ ಸದ್ದು.
ಮೈಕಿನ ಹುಡುಗ ವಯರು ಸುತ್ತುತ್ತಿದ್ದ.

ಬಾಗಿಲ ಬಳಿ ಬೋಸಿಬೋರಿ ನನ್ನ ತೋಳು ಹಿಡಿದಳು.
ಬೆರಳು ಒರಟು, ತಣ್ಣಗೆ.
"ಗುಬ್ಬಚ್ಚಿಯ ಮಾತು, ಅದು ಅವರಿಗೆ ತಲುಪಿತಾ?"

ಸೇರಿಸಕೂಡದೆಂಬ ಕಾಗದಕ್ಕೆ ಸಹಿ ಹಾಕಿದವಳು ನಾನು.
ಮತಾಟುಗಳು ಹಾರ್ನು ಹೊಡೆಯುತ್ತಿದ್ದವು,
ಕೊನೆಯ ಸೀಟು, ಕೊನೆಯ ಸೀಟು ಎಂದು ಕೂಗುತ್ತ.

"ತಲುಪಿತೋ ಇಲ್ಲವೋ ತಿಳಿಯದಮ್ಮ," ಅಂದೆ.
"ತಲುಪಿಸಿದ್ದು ನಾನು.
ನನ್ನ ಹೆಸರು ಕೆಮುಂತೊ.
ಬರೆದುಕೊಳ್ಳಿ."